ಮ್ಯಾಪಿನಲ್ಲಿ ನಿಮ್ಮ ಹೊಲದ ಗೆರೆ ಪಕ್ಕಕ್ಕೆ ಸರಿದಿದೆಯೇ? ‘ಒತ್ತುವರಿ’ ಎನ್ನುವ ಮೊದಲು ಆ ಗೆರೆ ಎಲ್ಲಿಂದ ಬಂತು ನೋಡಿ

‘ಇನ್ನು ಸರ್ವೆಯರ್‌ಗೆ ಕಾಯಬೇಕಿಲ್ಲ. ಮೊಬೈಲ್ ಹಿಡಿದು ಹೊಲದಲ್ಲಿ ನಿಲ್ಲಿ, ಆ್ಯಪ್ ತೆರೆಯಿರಿ. ನಿಮ್ಮ ಸರ್ವೆ ನಂಬರಿನ ಗೆರೆ ಪಕ್ಕದವರ ಬದು ದಾಟಿದ್ದರೆ ಅವರು ಒತ್ತುವರಿ ಮಾಡಿದ್ದಾರೆ ಎಂದೇ ಅರ್ಥ. ಎಲ್ಲ ರೈತರಿಗೂ ಕಳಿಸಿ.’ ಈ ಧಾಟಿಯ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು.

ಮೋಟೆಬೆನ್ನೂರಿನ ಕಡೆಯ ಓದುಗರೊಬ್ಬರು ಇದರ ಜೊತೆಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಉಪಗ್ರಹ ಚಿತ್ರದಲ್ಲಿ ಬದು ಒಂದು ಕಡೆ, ಹಳದಿ ಗೆರೆ ಇನ್ನೊಂದು ಕಡೆ. ನಡುವೆ ಒಂದು ಟ್ರ್ಯಾಕ್ಟರ್ ಆರಾಮಾಗಿ ಓಡಾಡುವಷ್ಟು ಜಾಗ. ಅವರ ಪ್ರಶ್ನೆ ಇಷ್ಟೇ: ‘ಮೇಡಂ, ಮ್ಯಾಪ್ ಸುಳ್ಳ ಹೇಳತೈತೋ, ಕಲ್ಲ ಸುಳ್ಳ ಹೇಳತೈತೋ?’

ಸಂದೇಶದ ಮೊದಲರ್ಧದಲ್ಲಿ ನಿಜವಿದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪಿನಲ್ಲಿ, ನೀವು ನಿಂತಿರುವ ಜಾಗ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ನೋಡಬಹುದು. ಅದು ತುಂಬಾ ಉಪಯೋಗದ ಕೆಲಸ. ಉಳಿದರ್ಧ ತಪ್ಪು. ಫೋನಿನ ಪರದೆಯ ಮೇಲಿನ ಗೆರೆ ಹದ್ದುಬಸ್ತು ಅಲ್ಲ. ಅದು ಹಳೆಯ ಕಾಗದದಿಂದ ಹೊರಟು, ಹಲವು ಲೆಕ್ಕಗಳನ್ನು ದಾಟಿ ನಿಮ್ಮ ಕೈಗೆ ಬಂದಿದೆ, ಮತ್ತು ಪ್ರತಿ ಲೆಕ್ಕದಲ್ಲೂ ಸ್ವಲ್ಪ ಸರಿದಿದೆ.

ನಾಲ್ಕು ಮೀಟರ್ ದಪ್ಪದ ಗೆರೆ

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಬಹಳ ಹಿಂದೆ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ಜಮೀನಿನ ಅಳತೆ ನಡೆದದ್ದೂ ಆ ಪದ್ಧತಿಯಲ್ಲೇ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ 1,089 ಚದರ ಅಡಿ, ಅದೇ ಗುಂಟೆ. 40 ಗುಂಟೆಗೆ ಎಕರೆ.

ಹೀಗೆ ತಯಾರಾದ ಗ್ರಾಮ ನಕ್ಷೆಯಲ್ಲಿ ಅಕ್ಷಾಂಶ, ರೇಖಾಂಶ ಇರಲಿಲ್ಲ. ಊರಿನೊಳಗೆ ಯಾವ ಹೊಲದ ಪಕ್ಕ ಯಾವುದು ಎಂದು ಅದು ಹೇಳುತ್ತಿತ್ತು. ಭೂಗೋಳದ ಮೇಲೆ ಆ ಊರು ಎಲ್ಲಿದೆ ಎಂಬುದು ಅದಕ್ಕೆ ಬೇಕಿರಲಿಲ್ಲ. ಸಾಮಾನ್ಯವಾಗಿ ಕಾಣುವ ಅಳತೆ 1:7,920, ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ. ಈ ಅಳತೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಮಸಿಯ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. ಗೆರೆಯೇ 13 ಅಡಿ ದಪ್ಪ! ಬದುವಿನ ಜಗಳ ಎಷ್ಟೋ ಸಲ ಮೂರು ಅಡಿಗೆ ನಡೆದಿರುತ್ತದೆ.

ಆ ಕಾಗದವನ್ನು ಸ್ಕ್ಯಾನ್ ಮಾಡಿ, ರಸ್ತೆ ಕೂಡುವ ಜಾಗ, ಕೆರೆಯ ಏರಿ, ಮೂರು ಊರಿನ ಗಡಿ ಸೇರುವ ಕಲ್ಲು ಇಂಥ ಗುರುತುಗಳನ್ನು ಹಿಡಿದು, ಎಳೆದು ಕೂರಿಸಿ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಕಾಗದ ಮಡಿಕೆಯಲ್ಲಿ ಹಿಗ್ಗಿರುತ್ತದೆ, ಅಂಚಿನಲ್ಲಿ ಕುಗ್ಗಿರುತ್ತದೆ. ಆದ್ದರಿಂದ ಒಂದೇ ಊರಿನಲ್ಲಿ ಒಂದು ಹೊಲದ ಗೆರೆ ಪೂರ್ವಕ್ಕೆ, ಇನ್ನೊಂದರದು ಉತ್ತರಕ್ಕೆ ಸರಿದಿರುವುದು ಅಪರೂಪವಲ್ಲ.

ಅಡಿ ಎಂದರೆ ಎಷ್ಟು ಮೀಟರ್?

ಇನ್ನೊಂದು ತೊಡಕು ಇನ್ನೂ ಹಳೆಯದು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ಮಹಾ ತ್ರಿಕೋನಮಿತಿ ಸರ್ವೆಯನ್ನು ಜಾರ್ಜ್ ಎವರೆಸ್ಟ್ ಮುಂದುವರಿಸಿದರು (ಪರ್ವತಕ್ಕೆ ಇಟ್ಟದ್ದು ಅವರದ್ದೇ ಹೆಸರು). ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಗೋಳ. ಆ ಚಪ್ಪಟೆ ಎಷ್ಟು, ತ್ರಿಜ್ಯ ಎಷ್ಟು ಎಂದು ಅವರು 1830ರಲ್ಲಿ ಕೊಟ್ಟ ಲೆಕ್ಕದ ಮೇಲೆ ಭಾರತದ ಹಳೆಯ ಸರ್ವೆ ಹಾಳೆಗಳೆಲ್ಲ ನಿಂತಿವೆ. ನಮ್ಮ ಫೋನಿನ ಜಿಪಿಎಸ್ ಬಳಸುವುದು ಬೇರೆ ಗೋಳ. ಅದರ ಹೆಸರು ಡಬ್ಲ್ಯೂಜಿಎಸ್ 84.

ಎವರೆಸ್ಟ್ ತ್ರಿಜ್ಯ ಕೊಟ್ಟದ್ದು ‘ಇಂಡಿಯನ್ ಫುಟ್’ ಎಂಬ ಅಡಿಯಲ್ಲಿ. ಅದನ್ನು ಮೀಟರಿಗೆ ಬದಲಿಸುವಾಗ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗುಣಕ ಹಿಡಿದರು. 1937ರ ಲೆಕ್ಕದಲ್ಲಿ ಭೂಮಧ್ಯರೇಖೆಯ ತ್ರಿಜ್ಯ 63,77,276 ಮೀಟರ್. 1975ರ ಲೆಕ್ಕದಲ್ಲಿ 63,77,299 ಮೀಟರ್. ಅದೇ ಭೂಮಿ, ಅದೇ ಅಳತೆ, ಅಡಿಯ ಅರ್ಥ ಬದಲಾದ್ದರಿಂದ 23 ಮೀಟರ್ ದಪ್ಪಗಾಯಿತು. ಡಬ್ಲ್ಯೂಜಿಎಸ್ 84ರಲ್ಲಿ ಅದು 63,78,137 ಮೀಟರ್.

ಎರಡು ಗೋಳಗಳ ಕೇಂದ್ರವೂ ಒಂದೇ ಅಲ್ಲ. ಭಾರತಕ್ಕೆ ಸಾಮಾನ್ಯವಾಗಿ ಬಳಸುವ ವ್ಯತ್ಯಾಸ ಮೂರು ದಿಕ್ಕಿನಲ್ಲಿ 295, 736 ಮತ್ತು 257 ಮೀಟರ್. ಈ ಸಂಖ್ಯೆಗಳನ್ನು ಮೋಟೆಬೆನ್ನೂರಿಗೆ (ಸುಮಾರು 14.7 ಡಿಗ್ರಿ ಉತ್ತರ, 75.5 ಡಿಗ್ರಿ ಪೂರ್ವ) ಹಾಕಿ ಲೆಕ್ಕ ಮಾಡಿದೆವು. ಹಳೆಯ ಹಾಳೆಯ ಅಕ್ಷಾಂಶ, ರೇಖಾಂಶವನ್ನು ಬದಲಿಸದೆ ಇವತ್ತಿನ ಮ್ಯಾಪಿನ ಮೇಲೆ ಇಟ್ಟರೆ ಊರು ಪೂರ್ವಕ್ಕೆ ಸುಮಾರು 100 ಮೀಟರ್, ದಕ್ಷಿಣಕ್ಕೆ ಸುಮಾರು 140 ಮೀಟರ್ ಸರಿಯುತ್ತದೆ. ಓರೆಯಾಗಿ ಅಳೆದರೆ ಸುಮಾರು 170 ಮೀಟರ್. ಹೆದ್ದಾರಿ ಪಕ್ಕದ ಹೊಲ ಹೆದ್ದಾರಿಯ ಆಚೆಗೆ ಹೋಗಲು ಇಷ್ಟು ಸಾಕು.

ಸರಿಯಾಗಿ ಬದಲಿಸಿದರೂ ಪೂರ್ತಿ ನಿಶ್ಚಿಂತೆ ಇಲ್ಲ, ಏಕೆಂದರೆ ಆ ಮೂರು ಸಂಖ್ಯೆಗಳಿಗೇ ತಲಾ 10ರಿಂದ 15 ಮೀಟರ್ ಅನಿಶ್ಚಿತತೆ ಇದೆ. ಊರು ಹುಡುಕಲು ಇದು ಧಾರಾಳವಾಯಿತು, ಬದು ಹುಡುಕಲು ಏನೂ ಸಾಲದು.

ಬದಲಿಸುವವರು ಯಾರು?

ಈ ಲೆಕ್ಕವನ್ನು ಪ್ರತಿ ಆ್ಯಪ್ ತಯಾರಕರೂ ಹೊಸದಾಗಿ ಬರೆಯುವುದಿಲ್ಲ. ಜಗತ್ತಿನ ಬಹುಪಾಲು ಮ್ಯಾಪ್ ತಂತ್ರಾಂಶಗಳ ಹೊಟ್ಟೆಯೊಳಗೆ ‘ಪ್ರಾಜ್’ ಎಂಬ ಉಚಿತ, ಮುಕ್ತ ತಂತ್ರಾಂಶ ಇರುತ್ತದೆ. ಕಾಲೇಜು, ಕಚೇರಿಗಳಲ್ಲಿ ಬಳಸುವ ಕ್ಯೂಜಿಐಎಸ್ ನಡೆಯುವುದು ಇದರ ಮೇಲೆಯೇ. ಅಮೆರಿಕದ ಭೂವೈಜ್ಞಾನಿಕ ಸರ್ವೆ ಸಂಸ್ಥೆಯಲ್ಲಿದ್ದ ಜೆರಾಲ್ಡ್ ಎವೆಂಡೆನ್ ಇದನ್ನು 1980ರ ದಶಕದಲ್ಲಿ ಬರೆದರು. ಆಮೇಲೆ ಫ್ರಾಂಕ್ ವಾರ್ಮರ್‌ಡ್ಯಾಮ್ ವರ್ಷಗಟ್ಟಲೆ ನೋಡಿಕೊಂಡರು. ಈಚೆಗೆ ಡೆನ್ಮಾರ್ಕಿನ ಕ್ರಿಸ್ಟಿಯನ್ ಎವರ್ಸ್, ಥಾಮಸ್ ನುಡ್ಸನ್, ಫ್ರಾನ್ಸಿನ ಇವನ್ ರುವೊ ಮೊದಲಾದವರು. ಹೆಸರು ಕೇಳಿರಲಿಕ್ಕಿಲ್ಲ. ಕೋಟ್ಯಂತರ ಜನ ಬಳಸುವ ಲೆಕ್ಕವನ್ನು ಬೆರಳೆಣಿಕೆಯ ಮಂದಿ ತಿದ್ದುತ್ತಾ ಕೂರುತ್ತಾರೆ ಎನ್ನುವುದೇ ನನಗೆ ಇಡೀ ವಿಷಯದಲ್ಲಿ ಅತಿ ವಿಚಿತ್ರವಾಗಿ ಕಂಡದ್ದು.

ಅವರು ತಿದ್ದಬೇಕಾಗಿ ಬಂದ ದೊಡ್ಡ ದೋಷವೊಂದು ನಮ್ಮ ಮಾತಿಗೆ ನೇರ ಸಂಬಂಧಿಸಿದೆ. ಹಳೆಯ ಪ್ರಾಜ್‌ಗೆ ಒಂದು ಫೈಲು ಕೊಟ್ಟು ‘ಇದನ್ನು ಜಿಪಿಎಸ್ ಗೋಳಕ್ಕೆ ಬದಲಿಸು’ ಎಂದಾಗ, ಫೈಲಿನಲ್ಲಿ ಆ ಮೂರು ಸಂಖ್ಯೆಗಳು ಇಲ್ಲದಿದ್ದರೆ ಅದು ಗಲಾಟೆ ಮಾಡುತ್ತಿರಲಿಲ್ಲ. ಸುಮ್ಮನೆ ಆ ಹೆಜ್ಜೆಯನ್ನು ಬಿಟ್ಟು ಉತ್ತರ ಕೊಡುತ್ತಿತ್ತು. ಉತ್ತರ ನೋಡಲು ಚೊಕ್ಕವಾಗಿಯೇ ಇರುತ್ತಿತ್ತು, ದಶಾಂಶದ ಮುಂದೆ ಆರು ಅಂಕಿ ಸಮೇತ. 170 ಮೀಟರ್ ತಪ್ಪಾಗಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ತಂತ್ರಾಂಶ ಕೆಟ್ಟು ನಿಂತರೆ ರಿಪೇರಿ ಮಾಡಿಸುತ್ತೇವೆ. ನಗುತ್ತಾ ತಪ್ಪು ಹೇಳಿದರೆ ನಂಬಿಬಿಡುತ್ತೇವೆ.

2018ರಲ್ಲಿ ಹಲವು ಸಂಸ್ಥೆಗಳು ಹಣ ಕೂಡಿಸಿ ಈ ಕೆಲಸಕ್ಕೆ ಆಸರೆಯಾದವು, ನಮ್ಮ ಮುಯ್ಯಾಳು ಪದ್ಧತಿ ಇದ್ದ ಹಾಗೆ. 2019ರ ಮಾರ್ಚಿನಲ್ಲಿ ಬಂದ 6ನೇ ಆವೃತ್ತಿಯಲ್ಲಿ ಪ್ರಾಜ್‌ನೊಳಗೇ ಒಂದು ದತ್ತಾಂಶ ಕೋಶ ಸೇರಿತು. ಯಾವ ದೇಶದ ಯಾವ ಪದ್ಧತಿಯಿಂದ ಯಾವುದಕ್ಕೆ ಹೇಗೆ ಬದಲಿಸಬೇಕು, ಆ ಬದಲಾವಣೆ ಯಾವ ಪ್ರದೇಶಕ್ಕೆ ಅನ್ವಯ, ಎಷ್ಟು ಮೀಟರ್ ನಿಖರ ಎಂಬುದೆಲ್ಲ ಅದರಲ್ಲಿದೆ. ಸರಿಯಾದ ದಾರಿ ಗೊತ್ತಿಲ್ಲದಿದ್ದರೆ ‘ಇದು ಅಂದಾಜು’ ಎಂಬ ಗುರುತು ಹಾಕುತ್ತದೆ. ಪ್ರತಿ ಪದ್ಧತಿಗೂ ಒಂದು ಸಂಖ್ಯೆ ಇದೆ: ಜಿಪಿಎಸ್‌ನ ಅಕ್ಷಾಂಶ, ರೇಖಾಂಶಕ್ಕೆ 4326, ನಮ್ಮ ಭಾಗದ ಮೀಟರ್ ಜಾಲಕ್ಕೆ 32643, ಅದೇ ಜಾಲ ಎವರೆಸ್ಟ್ ಗೋಳದ ಮೇಲಿದ್ದರೆ 24343. ಕರ್ನಾಟಕಕ್ಕೇ ಮೀಸಲಾದ 7780 ಕೂಡ ಇದೆ.

ತಿದ್ದಿದಾಗ ಬೈಸಿಕೊಂಡದ್ದು

ದೋಷ ತಿದ್ದಿದರೆ ಎಲ್ಲರೂ ಖುಷಿಪಡುತ್ತಾರೆ ಎಂದುಕೊಳ್ಳಬೇಡಿ. 4326ರ ಅಧಿಕೃತ ವ್ಯಾಖ್ಯೆಯಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಹಳೆಯ ಪ್ರಾಜ್ ಇದನ್ನು ಕಡೆಗಣಿಸಿ ರೇಖಾಂಶವನ್ನೇ ಮೊದಲು ಹಿಡಿಯುತ್ತಿತ್ತು, ಜನ ಅದಕ್ಕೆ ಹೊಂದಿಕೊಂಡಿದ್ದರು. 6ನೇ ಆವೃತ್ತಿ ವ್ಯಾಖ್ಯೆಯಂತೆ ನಡೆಯಲು ಶುರುಮಾಡಿದಾಗ, ಹೊಸದಕ್ಕೆ ಬದಲಾದ ಪ್ರೋಗ್ರಾಮುಗಳಲ್ಲಿ ಎರಡು ಅಂಕಿ ಅದಲು ಬದಲಾದವು. ಮೋಟೆಬೆನ್ನೂರಿನ 14.7 ಮತ್ತು 75.5ನ್ನು ತಿರುಗಿಸಿ ಓದಿ. ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಕೊರೆಯುವ ಸಮುದ್ರಕ್ಕೆ ಬೀಳುತ್ತೀರಿ. ಮೈಲಾರ ಮಹದೇವಪ್ಪನವರ ಹುಟ್ಟೂರು ಒಂದೇ ಅದಲುಬದಲಿಗೆ ಆರ್ಕ್‌ಟಿಕ್ ಪಾಲು! ಇದನ್ನು ತಪ್ಪಿಸಲು, ‘ಯಾವಾಗಲೂ ರೇಖಾಂಶ ಮೊದಲು’ ಎಂದು ಕೇಳಿಕೊಳ್ಳುವ ಆಯ್ಕೆಯನ್ನೂ ಕೊಡಬೇಕಾಯಿತು. ಹಳೆಯ ರೀತಿಯ ಸಂಪರ್ಕ ದ್ವಾರವನ್ನು ಎರಡು ವರ್ಷ ಇಟ್ಟುಕೊಂಡು 2021ರ 8ನೇ ಆವೃತ್ತಿಯಲ್ಲಿ ತೆಗೆದುಹಾಕಿದರು.

ಒಂದು ತಪ್ಪು ತಿದ್ದುವಾಗ ಇನ್ನೊಂದು ಹುಟ್ಟದಂತೆ ನೋಡಿಕೊಳ್ಳುವುದು ಹೇಗೆ? ಶಾಲೆಯಲ್ಲಿ ಭಾಗಾಕಾರ ಮಾಡಿ ಗುಣಿಸಿ ತಾಳೆ ನೋಡುತ್ತಿದ್ದೆವಲ್ಲ, ಅದೇ ಉಪಾಯ. 12 ಡಿಗ್ರಿ ಪೂರ್ವ, 55 ಡಿಗ್ರಿ ಉತ್ತರ ಕೊಟ್ಟರೆ 32ನೇ ವಲಯದಲ್ಲಿ 691875.632 ಮತ್ತು 6098907.825 ಬರಲೇಬೇಕು ಎಂಬಂಥ ಲೆಕ್ಕಗಳ ದೊಡ್ಡ ಪಟ್ಟಿಯೇ ಇದೆ. ಯಾರು ಏನೇ ತಿದ್ದಿದರೂ ಅಷ್ಟನ್ನೂ ಕಂಪ್ಯೂಟರ್ ಮತ್ತೆ ಮಾಡಿ ನೋಡುತ್ತದೆ. ಹೊಸ ದೋಷ ಸಿಕ್ಕರೆ ಅದರ ಲೆಕ್ಕವೂ ಪಟ್ಟಿಗೆ ಸೇರುತ್ತದೆ, ಅದೇ ತಪ್ಪು ಮತ್ತೆ ನುಸುಳದಿರಲಿ ಎಂದು.

ಒಂದು ಎಕರೆಗೆ 43 ಗುಂಟೆ

ಗುಂಡಗಿನ ಭೂಮಿಯನ್ನು ಚಪ್ಪಟೆ ಪರದೆಗೆ ಇಳಿಸುವ ಕ್ರಮಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ, ಪಠ್ಯಪುಸ್ತಕದ ಭಾಷೆಯಲ್ಲಿ ಪ್ರಕ್ಷೇಪಣ. ಯಾವ ಕ್ರಮ ಹಿಡಿದರೂ ಎಲ್ಲೋ ಹಿಗ್ಗಬೇಕು, ಎಲ್ಲೋ ಕುಗ್ಗಬೇಕು. ಮೊಬೈಲ್ ಮ್ಯಾಪುಗಳಲ್ಲಿ ಚಾಲ್ತಿಯಲ್ಲಿರುವ ವೆಬ್ ಮರ್ಕೇಟರ್ ಕ್ರಮ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹಿಗ್ಗಿಸುತ್ತದೆ. ನಮ್ಮ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ಶೇ 7.5ರಷ್ಟು ಹೆಚ್ಚು ಕಾಣುತ್ತದೆ. ಯಾವುದಾದರೂ ಆ್ಯಪ್ ಅದನ್ನು ಸರಿಪಡಿಸದೆ ಪರದೆಯ ಮೇಲಿನ ಅಳತೆಯನ್ನೇ ಕೊಟ್ಟರೆ 40 ಗುಂಟೆಯ ಎಕರೆ 43 ಗುಂಟೆ ಆಗುತ್ತದೆ. ಪಹಣಿಯಲ್ಲಿ 40, ಆ್ಯಪಿನಲ್ಲಿ 43 ಎಂದು ಕಂಡಾಗ ‘ಮೂರು ಗುಂಟೆ ಯಾರು ನುಂಗಿದರು’ ಎಂದು ಹುಡುಕುವುದು ವ್ಯರ್ಥ. ಯಾರೂ ನುಂಗಿಲ್ಲ.

ಅದೇ ಹೊಲವನ್ನು 32643 ಜಾಲದಲ್ಲಿ ಅಳೆದರೆ ಎಕರೆಗೆ ಸುಮಾರು 32 ಚದರ ಅಡಿಯಷ್ಟೇ ಕಡಿಮೆ ಬರುತ್ತದೆ, ಒಂದು ಹಾಸಿಗೆಯ ಜಾಗ. ಕ್ಯೂಜಿಐಎಸ್‌ನಂಥ ತಂತ್ರಾಂಶ ಗೋಳದ ಮೇಲೆಯೇ ಲೆಕ್ಕ ಹಾಕಿ ಈ ವ್ಯತ್ಯಾಸವನ್ನೂ ತೆಗೆಯಬಲ್ಲದು, ಸೆಟ್ಟಿಂಗ್ ಸರಿಯಿದ್ದರೆ.

ನಿಮ್ಮ ಪರದೆಯಲ್ಲಿ ಆಗಿರುವುದೇನು?

ಒಂದೇ ಹೊಲ ನೋಡಿ ತೀರ್ಮಾನಿಸಬೇಡಿ, ಸುತ್ತಲಿನ ಹತ್ತಾರು ಸರ್ವೆ ನಂಬರುಗಳನ್ನು ನೋಡಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಒಂದೇ ಅಂತರ ಸರಿದಿದ್ದರೆ, ಅದು ಬಹುತೇಕ ಗೋಳ ಬದಲಿಸುವಾಗಿನ ತಪ್ಪು ಅಥವಾ ಉಪಗ್ರಹ ಚಿತ್ರವೇ ಸರಿದಿರುವುದು. ಇಡೀ ಊರು ಸೇರಿ ಒಬ್ಬರ ಹೊಲವನ್ನೊಬ್ಬರು ಅದೇ ಅಳತೆಗೆ ಒತ್ತುವರಿ ಮಾಡಿರಲಾರರು. ಗೆರೆಗಳು ಒಂದೊಂದು ಕಡೆ ಒಂದೊಂದು ರೀತಿ ಸರಿದಿದ್ದರೆ ಹಳೆಯ ಕಾಗದ ಕೂರಿಸಿದ್ದರ ಫಲ. ಗೆರೆ ಅಲ್ಲೇ ಇದ್ದು, ನೀವಿರುವ ನೀಲಿ ಚುಕ್ಕೆ ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಕಂಡರೆ ಅದು ಫೋನಿನ ಜಿಪಿಎಸ್. ತೆರೆದ ಆಕಾಶದಡಿಯಲ್ಲೂ ಸಾಮಾನ್ಯ ಫೋನ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಸುತ್ತಲಿನ ಗೆರೆಗಳೆಲ್ಲ ಬದುವಿಗೆ ಸರಿಯಾಗಿ ಕೂತು, ನಿಮ್ಮದೊಂದೇ ದೂರ ಸರಿದಿದ್ದರೆ ಮಾತ್ರ ವಿಚಾರಿಸುವಂಥದ್ದು ಏನೋ ಇದೆ. ಆಗಲೂ ಅದು ಅನುಮಾನ, ಪುರಾವೆಯಲ್ಲ.

ಪುರಾವೆ ಬೇಕಿದ್ದರೆ ದಾರಿ ಹಳೆಯದೇ. ಹದ್ದುಬಸ್ತಿಗೆ ಅರ್ಜಿ ಕೊಡಬೇಕು, ಪಕ್ಕದ ಹೊಲದವರಿಗೆ ನೋಟಿಸ್ ಹೋಗಬೇಕು, ಸರ್ವೆಯರ್ ಮೂಲ ಟಿಪ್ಪಣಿ, ಆಕಾರಬಂದ್ ಹಿಡಿದು ಅಳೆಯಬೇಕು. ಅಷ್ಟರೊಳಗೆ ಮ್ಯಾಪ್ ನಂಬಿ ಬಾಂದು ಕಲ್ಲು ಕಿತ್ತರೆ ಕಿತ್ತವರೇ ಸಿಕ್ಕಿಬೀಳುತ್ತಾರೆ. ಗಡಿ ಗುರುತು ನಾಶ ಮಾಡುವುದಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ದಂಡವಿದೆ.

ಮೋಟೆಬೆನ್ನೂರಿನ ಓದುಗರಿಗೆ ಸುತ್ತಲಿನ ಹೊಲಗಳ ಸ್ಕ್ರೀನ್‌ಶಾಟನ್ನೂ ಕಳಿಸಲು ಹೇಳಿದೆವು. ಕಳಿಸಿದರು. ಅವರ ಗೆರೆ ಪೂರ್ವಕ್ಕೆ, ಹಳ್ಳದ ದಂಡೆಯ ಹೊಲಗಳದ್ದು ಉತ್ತರಕ್ಕೆ, ರಸ್ತೆಗೆ ಹತ್ತಿದ ಎರಡು ಹೊಲಗಳದ್ದು ಬದುವಿನ ಮೇಲೆಯೇ ಇತ್ತು. ಹಾಗಾಗಿ ಅವರಿಗೆ ನಾವು ಕೊಟ್ಟ ಉತ್ತರ: ಮ್ಯಾಪ್ ಸುಳ್ಳು ಹೇಳುತ್ತಿಲ್ಲ, ಹಳೆಯ ಕಾಗದದ ಮಡಿಕೆಯನ್ನು ತೋರಿಸುತ್ತಿದೆ, ಕಲ್ಲಿನ ವಿಷಯ ಸರ್ವೆಯರ್ ಬಂದು ಹೇಳಲಿ. ಪಕ್ಕದ ಹೊಲದವರಿಗೂ ಅದೇ ಸ್ಕ್ರೀನ್‌ಶಾಟ್ ತೋರಿಸಿದ್ದಾಗಿ ಆಮೇಲೆ ತಿಳಿಸಿದರು. ಅವರ ಫೋನಿನಲ್ಲಿ ಅವರ ಗೆರೆ ಇನ್ನೊಬ್ಬರ ಹೊಲದಲ್ಲಿತ್ತಂತೆ.