ಗಿರಾಕಿ ಬಾರದ ದಿನಗಳು

ಒಕ್ಕಲುತನಕ್ಕೆ ಬೇಸಿಗೆ ಇರುವಂತೆ ಅಂಗಡಿಗೂ ಒಂದು ಬೇಸಿಗೆ ಇರುತ್ತದೆ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳನ್ನು ರೈತನು ಹೇಗೆ ದಾಟುತ್ತಾನೆಂಬುದನ್ನು ಕುರಿತು ನಮ್ಮಲ್ಲಿ ಗಾದೆಗಳುಂಟು, ಹಾಡುಗಳುಂಟು. ಪೇಟೆಯ ಕೈಕಸುಬಿನವನು ಗಿರಾಕಿ ಬಾರದ ದಿನಗಳನ್ನು ಹೇಗೆ ದಾಟಿದನೆಂಬುದನ್ನು ಮಾತ್ರ ನಾವು ಅಷ್ಟಾಗಿ ಬರೆದಿಡಲಿಲ್ಲ. ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ನಮ್ಮ ಊರುಗಳಿಗೆ ಬಂದು ಮೂವತ್ತು ವರ್ಷಗಳಾಗುತ್ತ ಬಂದವು. ಅದರ ಕಷ್ಟ ಹೊಸದೆಂದು ಅನೇಕರು ತಿಳಿದಿದ್ದಾರೆ. ಅದೇ ಬೀದಿಯಲ್ಲಿ, ಕೆಲವೊಮ್ಮೆ ಅದೇ ಮಳಿಗೆಯಲ್ಲಿ, ಮೊದಲು ರೇಡಿಯೋ ದುರಸ್ತಿ ಮಾಡುತ್ತಿದ್ದವರ ಕಷ್ಟವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬೇರೆಯಾಗಿಯೇ ಕಾಣುತ್ತದೆ.

ಇದಕ್ಕೆ ಬೀದರ ಪಟ್ಟಣದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. ಬಹಮನಿ ಸುಲ್ತಾನರು 15ನೆಯ ಶತಮಾನದ ಮೊದಲ ಭಾಗದಲ್ಲಿ ಕಲಬುರ್ಗಿಯಿಂದ ಇಲ್ಲಿಗೆ ರಾಜಧಾನಿಯನ್ನು ತಂದ ಮೇಲೆ ಬೆಳೆದು ನಿಂತ ಬಿದ್ರಿ ಕೆಲಸದ ಹೆಸರನ್ನು ಕೇಳದವರಿಲ್ಲ. ಹೆಚ್ಚು ಪಾಲು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಚಿತ್ರ ಕೆತ್ತಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರು ತಾಗಿಸಿದರೆ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇದನ್ನು ಕಂಡು ಮೆಚ್ಚಿದವರುಂಟು. ಆದರೆ ಆ ಕಾಲದ ಬಿದ್ರಿ ಉಸ್ತಾದನ ಹೊಟ್ಟೆ ತುಂಬಿಸುತ್ತಿದ್ದುದು ಹುಕ್ಕಾದ ಬುಡ, ಪಾನ್‌ದಾನ ಮುಂತಾದ ಸಾಮಾನುಗಳು. ಹುಕ್ಕಾ ಸೇದುವವರು ಕಡಮೆಯಾದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು ಅಮೀರ ಉಮರಾವರ ಆಶ್ರಯವೂ ತಪ್ಪಿತು. ಅವೇ ಕೈಗಳು ಹೂದಾನಿ, ಅಂಗಿಯ ಗುಂಡಿ, ಸಿಗರೇಟಿನ ಬೂದಿತಟ್ಟೆಗಳನ್ನು ಮಾಡತೊಡಗಿದವು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. 2023ರಲ್ಲಿ ಬೀದರದ ಉಸ್ತಾದ್ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು.

ಬಿದ್ರಿಯನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಕೆಲಸವಿಲ್ಲದ ಬಿಡುವು ಎರಡು ಬಗೆ. ಹಬ್ಬ ಕಳೆದ ಮೇಲೆ ನಾಲ್ಕು ವಾರ ಕೊಳ್ಳುವವರು ಬಾರದಿರುವುದು ಒಂದು. ಅದು ಹಂಗಾಮಿನ ಬಿಡುವು. ಹೋದಂತೆಯೇ ತಿರುಗಿ ಬರುತ್ತದೆ. ಹುಕ್ಕಾವೇ ಲೋಕದಿಂದ ಎದ್ದು ಹೋಗುವುದು ಇನ್ನೊಂದು. ಅದು ಕಾಲದ ಬಿಡುವು. ಇವೆರಡೂ ಅಂಗಡಿಯವನಿಗೆ ಮೊದಲಲ್ಲಿ ಒಂದೇ ಥರ ಕಾಣುತ್ತವೆ. ಗಲ್ಲಾ ಪೆಟ್ಟಿಗೆ ಎರಡರಲ್ಲಿಯೂ ಬರಿದೇ! ದುರಸ್ತಿ ಕಸುಬಿನವರ ಚರಿತ್ರೆಯೆಲ್ಲ ಈ ಎರಡನ್ನು ಬೇರೆಮಾಡಿ ನೋಡಲು ಕಲಿತ ಚರಿತ್ರೆಯೆಂದೇ ನನ್ನ ಅಭಿಪ್ರಾಯ.

ರೇಡಿಯೋ ಬೀದರಕ್ಕೆ ಬಂದದ್ದು ಹೈದರಾಬಾದಿನ ದಾರಿಯಿಂದ. 1935ರಿಂದ ಅಲ್ಲಿ ನಿಜಾಮ ಸರಕಾರದ್ದೇ ಪ್ರಸಾರ ನಿಲಯವಿದ್ದಿತು. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ಅದೇ ವರುಷ ಜನವರಿ 8ರಂದು ಧಾರವಾಡದ ನಿಲಯ ಆರಂಭವಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂದರೂ ಹತ್ತಿರದ ಕಲಬುರ್ಗಿಯಲ್ಲಿ ನಿಲಯವಾದದ್ದು 1966ರಲ್ಲಿ. ಅಲ್ಲಿಯವರೆಗೆ ದೂರದ ನಿಲಯಗಳನ್ನು ಹಿಡಿಯುವುದೇ ಒಂದು ವಿದ್ಯೆ. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ಏರಿಯಲ್ ತಂತಿ ಎಳೆಯಬೇಕು. ನೆಲಕ್ಕೆ ಅರ್ಥಿಂಗ್ ಕೊಡಬೇಕು. ವರ್ಷಕ್ಕೆ ಹದಿನೈದು ರೂಪಾಯಿ ಲೈಸೆನ್ಸಿಗೆ ಅಂಚೆಕಚೇರಿಯಲ್ಲಿ ಕಟ್ಟಿ, ಅಷ್ಟಾದ ಮೇಲೂ ಸಿಲೋನ್ ಸರಿಯಾಗಿ ಹಿಡಿಯದಿದ್ದರೆ ಮನೆಯ ಮಕ್ಕಳು ಸುಮ್ಮನಿರುತ್ತಾರೆಯೇ? ಮೆಕ್ಯಾನಿಕನಿಗೆ ಕರೆ ಹೋಗುತ್ತಿತ್ತು.

ಆ ಕಾಲದ ರೇಡಿಯೋ ವಾಲ್ವಿನದು. ವಾಲ್ವು ಎಂದರೆ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ಒಂದು ತಂತಿ. ದೀಪದ ಬತ್ತಿಯಂತೆ ಅದಕ್ಕೂ ಆಯುಸ್ಸು ಉಂಟು. ಕೆಲವು ಸಾವಿರ ಗಂಟೆ ಉರಿದ ಮೇಲೆ ಸೊರಗುತ್ತದೆ. ಆ ಕಾವಿಗೆ ಸುತ್ತಲಿನ ಇತರ ಭಾಗಗಳೂ ಒಣಗುತ್ತವೆ. ಯಂತ್ರ ಎಲ್ಲಿ ಕಾಯುತ್ತದೆಯೋ, ಎಲ್ಲಿ ತಿರುಗುತ್ತದೆಯೋ ಅಲ್ಲಿ ಕೆಡುತ್ತದೆ. ದುರಸ್ತಿಯವನ ಅನ್ನ ಹುಟ್ಟುವುದು ಅಲ್ಲಿಯೇ. ವಾಲ್ವು ಇರುವವರೆಗೆ ಅವನಿಗೆ ಕಾಲದ ಬಿಡುವಿನ ಭಯವಿರಲಿಲ್ಲ. ಇದ್ದದ್ದು ಹಂಗಾಮಿನ ಬಿಡುವು ಮಾತ್ರ. ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿದ್ಯುತ್ತು ಇನ್ನೂ ಬಾರದ ದಿನಗಳವು; ಬ್ಯಾಟರಿಯ ರೇಡಿಯೋಕ್ಕೆ ಹೊಸ ಬ್ಯಾಟರಿ ಬರುವುದು ಹೆಸರು, ಉದ್ದು, ತೊಗರಿ ಮಾರಿ ಕೈಗೆ ದುಡ್ಡು ಬಂದಾಗ. ಹೀಗಾಗಿ ಪೇಟೆಯ ಮೆಕ್ಯಾನಿಕನ ಪಂಚಾಂಗವೂ ರೈತನ ಪಂಚಾಂಗವೇ ಆಗಿತ್ತು. ಮೃಗಶಿರೆಯಲ್ಲಿ ಬಿತ್ತನೆಗೆ ಬೀಜ ಕೊಳ್ಳುವವನು ರೇಡಿಯೋ ಸರಿಮಾಡಿಸುವುದಿಲ್ಲ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅರವತ್ತರ ದಶಕದಲ್ಲಿ ಅದು ನಮ್ಮ ರೈತನ ಹೆಗಲಿಗೂ ಬಂದಿತು. ಅದರಲ್ಲಿ ಕಾಯುವ ತಂತಿಯಿಲ್ಲ. ಏರಿಯಲ್ ಮಾಳಿಗೆಯ ಮೇಲೆ ಬೇಡ. ಬ್ಯಾಟರಿಯನ್ನು ಗಿರಾಕಿಯೇ ಹಾಕಿಕೊಳ್ಳುತ್ತಾನೆ. ರೇಡಿಯೋಗಳ ಸಂಖ್ಯೆ ಏರಿತು, ಒಂದೊಂದು ರೇಡಿಯೋ ಕೆಡುವುದು ಇಳಿಯಿತು. ಇದು ಕಾಲದ ಬಿಡುವು. ಕೆಲವರು ವಾಲ್ವನ್ನೇ ನೆಚ್ಚಿ ಕುಳಿತರು. ಕೆಲವರು ಮದುವೆ, ಜಾತ್ರೆ, ಉರುಸುಗಳಿಗೆ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡತೊಡಗಿದರು. ಆ ಆಂಪ್ಲಿಫಾಯರಿನಲ್ಲಿ ವಾಲ್ವು ಇನ್ನೂ ಕೆಲಕಾಲ ಉರಿಯಿತು. ಹಳೆಯ ವಿದ್ಯೆ ಹೊಸ ಮನೆಯಲ್ಲಿ ಅನ್ನ ಹಾಕಿತು.

ಟೆಲಿವಿಷನ್ನಿನ ಕಥೆಯನ್ನು ಬೆಳೆಸಬೇಕಾಗಿಲ್ಲ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣದ ಚಿತ್ರ ಬಂದಿತು. 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾದ ಮೇಲೆ ಶನಿವಾರ ಸಂಜೆಯೊಳಗೆ ಡಬ್ಬಿ ಸರಿಯಾಗದಿದ್ದರೆ ಭಾನುವಾರ ಬೆಳಿಗ್ಗೆ ಓಣಿಯೇ ಜಗಳಕ್ಕೆ ಬರುತ್ತಿತ್ತು. ಮೆಕ್ಯಾನಿಕನಿಗೆ ಮತ್ತೆ ಸುಗ್ಗಿ. ಆ ಸುಗ್ಗಿಯೂ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮುಗಿಯಿತು.

ಕಂಪ್ಯೂಟರು ಬಂದ ಬಗೆ ಬೇರೆ. 1984ರಲ್ಲಿ ಕೇಂದ್ರ ಸರಕಾರ ಹೊಸ ಕಂಪ್ಯೂಟರ್ ನೀತಿಯನ್ನು ಸಾರಿತು. ಬೀದರದ ಗುರು ನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು 1980ರಲ್ಲಿಯೇ ಹುಟ್ಟಿತ್ತು. ಭಾಲ್ಕಿಯಲ್ಲಿಯೂ 1982ರಲ್ಲಿ ಇಂಜಿನಿಯರಿಂಗ್ ಕಾಲೇಜು ಆಯಿತು. 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನದ ಸರಕುಗಳ ಸುಂಕ ಇಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ಮೇಲೆ ಬಿಡಿ ಭಾಗಗಳು ಅಗ್ಗವಾದವು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಬೆಳಗಿನ ಬಸ್ಸಿನಲ್ಲಿ ಹೋಗಿ, ಮದರ್‌ಬೋರ್ಡು, ಮೆಮರಿ, ಡಬ್ಬಿ ತಂದು, ರಾತ್ರಿ ಜೋಡಿಸಿ, ಮರುದಿನ ಗಿರಾಕಿಯ ಮನೆಗೆ ಮುಟ್ಟಿಸುವುದು ಒಂದು ಕಸುಬೇ ಆಯಿತು. ಹಳೆಯ ಊರಿನ ಓಣಿಗಳಿಂದ ಹಿಡಿದು ವಾಯುದಳದ ನೆಲೆಯ ಮಗ್ಗುಲಿನ ಚಿದ್ರಿಯವರೆಗೆ, ಮೊದಲು ಬೇರೆ ಹಳ್ಳಿಯಾಗಿದ್ದು ಈಗ ಊರೊಳಗೇ ಸೇರಿಹೋದ ಬಡಾವಣೆಗಳಲ್ಲಿ, ಹತ್ತು ಅಡಿ ಅಗಲದ ಮಳಿಗೆಯೇ ಸಾಕಾಯಿತು.

ಈ ಅಂಗಡಿಯ ವರ್ಷವನ್ನು ಗಮನಿಸಿರಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ವಿದ್ಯುತ್ತು ಏರಿಳಿದು ಪವರ್ ಸಪ್ಲೈ ಸುಡುತ್ತದೆ, ಕೆಲಸವುಂಟು. ಜೂನ್ ಜುಲೈಗೆ ಕಾಲೇಜು ತೆರೆಯುತ್ತದೆ, ಕೆಲಸವುಂಟು. ಮುಂದೆ ಕೈ ಖಾಲಿ. ದಸರೆಯ ಪೂಜೆಗೆ ಕಚೇರಿಗಳ ಯಂತ್ರಗಳ ಧೂಳು ಕೊಡವಬೇಕು. ಎಳ್ಳಮಾವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವಾಗ ಯಾರು ಅಂಗಡಿಗೆ ಬರುತ್ತಾರೆ? ಅಲ್ಲಿಂದ ಫೆಬ್ರುವರಿಯವರೆಗೆ ನಿಧಾನ. ಮಾರ್ಚಿನಲ್ಲಿ ಲೆಕ್ಕ ಮುಗಿಸುವ ವರ್ತಕರ ಯಂತ್ರ ಕೆಟ್ಟರೆ ಒಂದು ಗಳಿಗೆಯೂ ತಡೆಯುವಂತಿಲ್ಲ. ಇದೆಲ್ಲ ಹಂಗಾಮು, ಅನುಭವಸ್ಥರು ಇದಕ್ಕೆ ಹೆದರುವುದಿಲ್ಲ. ಶಾಲೆ, ಸಹಕಾರಿ ಸಂಘ, ವಕೀಲರ ಕಚೇರಿಗಳೊಂದಿಗೆ ವರ್ಷದ ಕರಾರು ಮಾಡಿಕೊಂಡು ಯಂತ್ರ ಕೆಡಲಿ ಬಿಡಲಿ ತಿಂಗಳಿಗಿಷ್ಟೆಂದು ಪಡೆಯುತ್ತಾರೆ. ಬೀದರಕ್ಕೇ ಒಪ್ಪುವ ಮತ್ತೊಂದು ಉಪಾಯವುಂಟು. ಕನ್ನಡ, ಉರ್ದು, ಮರಾಠಿ, ತೆಲುಗು ಕೂಡಿ ಬಾಳುವ ಊರಿದು. ಕೆಲಸವಿಲ್ಲದ ವೇಳೆಯಲ್ಲಿ ಅದೇ ಯಂತ್ರದ ಮುಂದೆ ಕುಳಿತು ನುಡಿಯಲ್ಲಿ ಕನ್ನಡದ ಅರ್ಜಿಯನ್ನೂ ಇನ್‌ಪೇಜಿನಲ್ಲಿ ಉರ್ದುವಿನ ಲಗ್ನಪತ್ರಿಕೆಯನ್ನೂ ಹೊಂದಿಸಬಲ್ಲವನಿಗೆ ಮದುವೆಯ ತಿಂಗಳು ಉಪವಾಸವಿಲ್ಲ. ಪ್ರಿಂಟರಿನ ಶಾಯಿ ತುಂಬುವುದು, ಕಾವಲು ಕ್ಯಾಮರಾ ಕೂರಿಸುವುದು ಇವೆಲ್ಲ ಇದೇ ಸಾಲಿನವು.

ಬರಗಾಲದ ಮಾತು ಬೇರೆ. 2015ರಂತೆ ಮಳೆ ಕೈಕೊಟ್ಟ ವರ್ಷ, 2016ರ ನವೆಂಬರ್ 8ರ ನೋಟು ರದ್ದತಿಯಂಥ ಸಮಯ ಬಂದಾಗ ದುರಸ್ತಿಯ ಲೆಕ್ಕವೆಲ್ಲ ಉದ್ರಿ ಖಾತೆಗೆ ಹೋಗುತ್ತದೆ. ಸರಿಮಾಡಿದ ಯಂತ್ರವನ್ನು ಬಿಡಿಸಿಕೊಳ್ಳಲು ಗಿರಾಕಿ ಬಾರದೆ ಕಪಾಟು ತುಂಬುತ್ತದೆ. ದುರಸ್ತಿಯವನ ದುಡ್ಡು ಹೀಗೆ ಇನ್ನೊಬ್ಬರ ಯಂತ್ರದೊಳಗೆ ಸಿಕ್ಕಿಕೊಳ್ಳುವುದು ಬಟ್ಟೆಯಂಗಡಿಯವನಿಗೆ ಇಲ್ಲದ ಪೀಡೆ. ಮುಂಗಡವಾಗಿ ಬಿಡಿ ಭಾಗದ ಬೆಲೆಯನ್ನಾದರೂ ಪಡೆಯುವ ರೂಢಿಯನ್ನು ನಾನಂತೂ ತಪ್ಪೆನ್ನಲಾರೆ.

ಇನ್ನು ಕಾಲದ ಬಿಡುವು. ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂದ ಕಥೆಯೇ ಇಲ್ಲಿ ಮತ್ತೆ ನಡೆದಿದೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯಿತ್ತು. ತಿರುಗುವುದು ಕೆಡುತ್ತದೆ, ಕೆಟ್ಟರೆ ಕೆಲಸವುಂಟು. 1999ರಿಂದ ಏಳೆಂಟು ವರ್ಷ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳು ತಲೆ ಉಬ್ಬಿ ಒಡೆದವು. ಗಿರಾಕಿಗೆ ಅದು ಕೇಡು; ಬೆಸುಗೆ ಬಲ್ಲವನಿಗೆ ಅದೇ ಸುಗ್ಗಿ. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗಲೂ ಹಾಗೆಯೇ. ಆದರೆ ತಿರುಗುವ ತಟ್ಟೆಯ ಸ್ಥಳದಲ್ಲಿ ಚಲನೆಯಿಲ್ಲದ ಎಸ್‌ಎಸ್‌ಡಿ ಬಂದಿತು. ಲ್ಯಾಪ್‌ಟಾಪಿನ ಮೆಮರಿಯನ್ನು ಬೋರ್ಡಿಗೇ ಬೆಸೆದುಬಿಡುವ ಪದ್ಧತಿ ಬಂದಿತು. 2016ರಿಂದ ಅಗ್ಗವಾದ ಡೇಟಾದೊಂದಿಗೆ ಅನೇಕ ಮನೆಗಳಲ್ಲಿ ಕಂಪ್ಯೂಟರಿನ ಕೆಲಸವನ್ನೆಲ್ಲ ಮೊಬೈಲೇ ವಹಿಸಿಕೊಂಡಿತು.

ಈ ಎರಡು ಬಗೆಯ ಬಿಡುವನ್ನು ಬೇರೆಮಾಡುವುದು ಎಷ್ಟು ಕಠಿಣವೆಂಬುದು ಕೊರೋನಾ ಕಾಲದಲ್ಲಿ ಚೆನ್ನಾಗಿ ಕಂಡಿತು. 2020ರ ಮಾರ್ಚ್ 25ರಿಂದ ದೇಶದ ಬಹುತೇಕ ಅಂಗಡಿಗಳು ಮುಚ್ಚಿದವು. ತೆರೆದ ಮೇಲೆ ನೋಡಿದರೆ ಅಟ್ಟದ ಮೇಲಿನ ಕಂಪ್ಯೂಟರುಗಳೆಲ್ಲ ಅಂಗಡಿಗೆ ಇಳಿದು ಬರುತ್ತಿವೆ! ಮಕ್ಕಳ ಪಾಠ ಮನೆಯಲ್ಲಿ ತೆರೆಯ ಮೇಲೆ ನಡೆಯಬೇಕಾಗಿತ್ತು. ಹಿಂದಿನ ಕಾಲವೇ ಮರಳಿತೆಂದು ನಂಬಿ ಸಾಲ ಮಾಡಿ ಸರಕು ತುಂಬುವುದು ಆಗ ಸುಲಭವಾಗಿತ್ತು. ಶಾಲೆಗಳು ಪೂರ್ತಿ ತೆರೆದ ಮೇಲೆ ಆ ಗಾಳಿ ನಿಂತಿತು. ಗಾಳಿ ಬಂದಾಗ ತೂರಿಕೊಂಡು, ಬಂದುದರಲ್ಲಿ ಹಳೆಯ ಸಾಲ ತೀರಿಸಿದವರು ಉಳಿದರು.

ದುಡ್ಡಿನ ನಷ್ಟಕ್ಕಿಂತ ದೊಡ್ಡದಾದ ಒಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಕೆಲಸ ಕಡಮೆಯಾದಾಗ ಅಂಗಡಿಯಿಂದ ಮೊದಲು ಹೊರಬೀಳುವವನು ಶಾಗೀರ್ದ, ಎಂದರೆ ಕೆಲಸ ಕಲಿಯುವ ಹುಡುಗ. ಅವನು ಹೈದರಾಬಾದಿಗೆ ಹೋಗಿ ಯಾವುದೋ ಕಂಪನಿಯ ಸರಕು ಹಂಚುವ ಕೆಲಸಕ್ಕೆ ನಿಂತರೆ ಎರಡು ವರ್ಷ ಕಲಿತ ಬೆಸುಗೆಯ ಹದ ವ್ಯರ್ಥವಾಗುತ್ತದೆ. ಮುಂದಿನ ಹಂಗಾಮಿಗೆ ಉಸ್ತಾದನಿಗೆ ಎರಡನೆಯ ಕೈಯಿಲ್ಲ. ರೇಡಿಯೋ ಕಾಲದ ಉಸ್ತಾದರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಗಿರಾಕಿಯಿಲ್ಲದ ಮಧ್ಯಾಹ್ನ ಸತ್ತ ಸೆಟ್ಟೊಂದನ್ನು ಹುಡುಗನ ಮುಂದಿಟ್ಟು, ಒಂದೊಂದೇ ಭಾಗವನ್ನು ಬಿಡಿಸಿ, ಪರೀಕ್ಷಿಸಿ, ಒಳ್ಳೆಯದನ್ನು ಡಬ್ಬಿಗೆ ಹಾಕಿಸುವುದು. ಹುಡುಗನಿಗೆ ಪಾಠ, ಅಂಗಡಿಗೆ ಬಿಡಿ ಭಾಗ. ಇಂದಿನ ಅಂಗಡಿಗಳಲ್ಲಿಯೂ ಸತ್ತ ಬೋರ್ಡುಗಳ ರಾಶಿಗೆ ಕೊರತೆಯಿಲ್ಲ. ಹೊಸದಾಗಿ ಸಿಗದ ಹಳೆಯ ಲ್ಯಾಪ್‌ಟಾಪಿನ ಕೀಲು, ಚಾರ್ಜರಿನ ತೂತು, ಸಣ್ಣ ಚಿಪ್ಪು ಇವೆಲ್ಲ ಆ ರಾಶಿಯಿಂದಲೇ ಬರಬೇಕು. ಅದನ್ನು ತೂಕಕ್ಕೆ ಗುಜರಿಗೆ ಹಾಕುವವನಿಗೆ ಅಂದಿನ ಚಹಾದ ಖರ್ಚು ಮಾತ್ರ ಹುಟ್ಟುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ವಿಂಡೋಸ್ 11, ಸುಮಾರು 2018ಕ್ಕಿಂತ ಹಳೆಯದಾದ ಬಹುತೇಕ ಯಂತ್ರಗಳನ್ನು ಒಪ್ಪುವುದಿಲ್ಲ. ಯಂತ್ರ ಗಟ್ಟಿಯಾಗಿದೆ, ಕೆಟ್ಟಿಲ್ಲ. ಆದರೂ ಹಳತಾಯಿತೆಂದು ಹೊರಗೆ ಹಾಕುತ್ತಾರೆ. ಇದು ಸುಗ್ಗಿಯೋ, ಕಾಲದ ಬಿಡುವೋ? ಹೊಸ ಯಂತ್ರ ಮಾರುವ ದೊಡ್ಡ ಮಳಿಗೆಗೆ ಸುಗ್ಗಿ. ಚಿದ್ರಿಯಂಥ ಕಡೆಯ ಸಣ್ಣ ಅಂಗಡಿಯವನು ಆ ಯಂತ್ರಗಳನ್ನು ಅಗ್ಗಕ್ಕೆ ಕೊಂಡು, ತಿರುಗುವ ತಟ್ಟೆಯನ್ನು ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಕೂರಿಸಿ, ಔರಾದದ ಕಡೆಯ ಶಾಲೆಗೋ ಭಾಲ್ಕಿಯ ಕಿರಾಣಿ ಅಂಗಡಿಯ ಲೆಕ್ಕಕ್ಕೋ ಕೊಡಬಲ್ಲನು. ಅದಕ್ಕೆ ಬೇಕಾದದ್ದು ಒಂದು ಮೇಜು, ಒಂದು ಸ್ಕ್ರೂಡ್ರೈವರು, ಪಕ್ಕದಲ್ಲಿ ಕುಳಿತು ಕೆಲಸ ಕಲಿಯುವ ಒಬ್ಬ ಹುಡುಗ.