ಹೊಸ ಕ್ಯಾಮೆರಾ, ಹಳೆಯ ಪದಗಳು

ಡಿಜಿಟಲ್ ಕ್ಯಾಮೆರಾದ ಅಪರ್ಚರ್, ಶಟರ್, ಐಎಸ್‌ಒಗಳಿಗೆ ಹೆದರಬೇಡಿ. ಇವೆಲ್ಲ ಫಿಲ್ಮ್ ಕಾಲದವೇ. ಅಪರ್ಚರ್ ಎಂದರೆ ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ ಎಂದರೆ ಬೆಳಕನ್ನು ಇಷ್ಟೇ ಹೊತ್ತು ಒಳಬಿಡುವ ಬಾಗಿಲು. ಐಎಸ್‌ಒ ಎಂದರೆ ಫಿಲ್ಮ್ ರೋಲಿನ ಡಬ್ಬಿಯ ಮೇಲಿರುತ್ತಿದ್ದ 100, 400ರಂಥ ಸಂಖ್ಯೆ; ಅದು ಹೆಚ್ಚಿದಷ್ಟೂ ಮಬ್ಬು ಬೆಳಕಿನಲ್ಲಿ ಅನುಕೂಲ, ಆದರೆ ಚಿತ್ರ ತರಿತರಿ.

ಡಿಜಿಟಲ್ ತಂದ ಪದ ಮೆಗಾಪಿಕ್ಸೆಲ್. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ತಯಾರಿಸಿದ ಡಿಜಿಟಲ್ ಕ್ಯಾಮೆರಾದಲ್ಲಿದ್ದದ್ದು ಬರೀ 0.01 ಮೆಗಾಪಿಕ್ಸೆಲ್! ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಫಿಲ್ಮ್ ಕ್ಯಾಮೆರಾದಿಂದಲೇ ಹೆಸರು ಮಾಡಿ 1977ರಲ್ಲಿ ಪದ್ಮಶ್ರೀ ಪಡೆದರು. ಫಿಲ್ಮ್ ತೊಳೆಯುವವರೆಗೂ ಚಿತ್ರ ಕಾಣದ ಕಾಲವದು. ಬೆಳಕಿನ ಲೆಕ್ಕ ತಪ್ಪಿದರೆ ಆ ಗಳಿಗೆ ಹೋದಂತೆಯೇ. ನೀವೂ ಮೊದಲು ಬೆಳಕಿನ ಲೆಕ್ಕ ಕಲಿಯಿರಿ. ಮೆಗಾಪಿಕ್ಸೆಲ್ ಲೆಕ್ಕ ಆಮೇಲಿರಲಿ.