ಮೂರು ತಿಂಗಳ ಸಂಬಳದ ಬಂದೂಕು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಎಂದಿನಂತೆ ಇದು ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರ ಇಲ್ಲಿ ಸೇರಿಸಿದ್ದೇನೆ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಇಸವಿ 1862. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿದೆ. ಉತ್ತರದ ಸೈನ್ಯದಲ್ಲಿ ಒಬ್ಬ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಆಗ ತಾನೇ ಮಾರುಕಟ್ಟೆಗೆ ಬಂದ ಹೆನ್ರಿ ರೈಫಲ್‌ನ ಬೆಲೆ 40 ಡಾಲರ್‌ಗೂ ಮೇಲೆ. ಅಂದ್ರೆ ಮೂರು ತಿಂಗಳ ಸಂಬಳ ಪೂರ್ತಿ ಕೊಟ್ಟರೂ ಸ್ವಲ್ಪ ಕಡಿಮೆ ಬೀಳುತ್ತೆ. ಸರ್ಕಾರವೇ ಪುಕ್ಕಟೆಯಾಗಿ ಒಂದು ಬಂದೂಕು ಕೊಡುತ್ತಿತ್ತು. ಆದರೂ ಇಲಿನಾಯ್ ರಾಜ್ಯದ 7ನೇ ಪದಾತಿ ದಳದ ಸೈನಿಕರು ತಮ್ಮ ಸ್ವಂತ ದುಡ್ಡಲ್ಲಿ ಹೆನ್ರಿ ಕೊಂಡುಕೊಂಡರು. ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟಿದ್ರೂ ಮೂರು ತಿಂಗಳ ಸಂಬಳ ಸುರಿದು ಕೆಲಸಕ್ಕೆ ನಾವೇ ಇನ್ನೊಂದು ತಗೊಂಡ ಹಾಗೆ. ಯಾಕೆ ಹಾಗೆ ಮಾಡಿದರು? ನನ್ನ ಮಟ್ಟಿಗೆ ಇವತ್ತಿನ ಇಡೀ ಕಥೆ ಈ ಪ್ರಶ್ನೆಯಲ್ಲೇ ಇದೆ.

ಸರ್ಕಾರಿ ಬಂದೂಕಿನ ಕಷ್ಟ

ಸರ್ಕಾರ ಕೊಡ್ತಿದ್ದದ್ದು ಸ್ಪ್ರಿಂಗ್‌ಫೀಲ್ಡ್. ಬಾಯಿಯಿಂದ ತುಂಬುವ ಬಂದೂಕು. ಮದ್ದಿನ ಕಾಗದದ ಪೊಟ್ಟಣ ಹಲ್ಲಲ್ಲಿ ಹರೀಬೇಕು, ನಳಿಗೆಯೊಳಗೆ ಸುರೀಬೇಕು, ಗುಂಡು ಹಾಕಬೇಕು, ಕಬ್ಬಿಣದ ಕೋಲಿಂದ ಜಡೀಬೇಕು, ಕ್ಯಾಪ್ ಇಡಬೇಕು, ಆಮೇಲೆ ಗುರಿ. ಎಷ್ಟು ಚೆನ್ನಾಗಿ ಪಳಗಿದವನಿಗೂ ನಿಮಿಷಕ್ಕೆ ಮೂರು ಗುಂಡು. ಅದೂ ನಿಂತುಕೊಂಡು ತುಂಬಬೇಕು, ಎದುರಿನವನಿಗೆ ಎದೆ ಕೊಟ್ಟು.

ಹೆನ್ರಿಯಲ್ಲಿ ನಳಿಗೆಯ ಕೆಳಗೆ ಒಂದು ಉದ್ದನೆಯ ಕೊಳವೆ. ಅದರಲ್ಲಿ 15 ತೋಟಾ, ಜೊತೆಗೆ ನಳಿಗೆಯೊಳಗೆ ಒಂದು. ಕುದುರೆಯ ಹಿಂದೆ ಬೆರಳು ತೂರುವ ಒಂದು ಬಳೆ ಇದೆಯಲ್ಲ, ಅದೇ ಸನ್ನೆ, ಲಿವರ್. ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತೆ, ಸುತ್ತಿಗೆ ತಾನಾಗಿ ಹಿಂದಕ್ಕೆ ಬಾಗುತ್ತೆ, ಹೊಸ ತೋಟಾ ಮೇಲೆ ಬರುತ್ತೆ. ಮೇಲಕ್ಕೆಳೆದರೆ ಅದು ನಳಿಗೆಯೊಳಗೆ ಕೂರುತ್ತೆ. ಕೈಯ ಒಂದೇ ಓಟ, ನಾಲ್ಕು ಕೆಲಸ. ಮಲಗಿಕೊಂಡೂ, ಮರದ ಹಿಂದೆ ನಿಂತೂ ಮಾಡಬಹುದು.

ಹಾಗಂತ ಅದು ಕುಂದಿಲ್ಲದ ಬಂದೂಕಲ್ಲ. ಸ್ಪ್ರಿಂಗ್‌ಫೀಲ್ಡ್‌ನ ತೋಟಾದಲ್ಲಿ 60 ಗ್ರೇನ್ ಮದ್ದು ಇದ್ದರೆ ಹೆನ್ರಿಯದರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ದೂರದ ಗುರಿಗೆ ಅದು ಸಾಲದು. ಕೊಳವೆಯ ಕೆಳಗಡೆ ಉದ್ದಕ್ಕೂ ಸೀಳು ಇತ್ತು, ಮಣ್ಣು ಹೊಕ್ಕರೆ ಕೆಲಸ ಕೆಟ್ಟಿತು. ಹಿಡಿಯೋಕೆ ಮುಂದೆ ಮರದ ಹಿಡಿಕೆ ಇರಲಿಲ್ಲ. ಹತ್ತು ಹದಿನೈದು ಗುಂಡು ಹಾರಿದ ಮೇಲೆ ನಳಿಗೆ ಕಾದ ಕಾವಲಿ, ಕೈ ಇಡೋಕಾಗಲ್ಲ.

ಸೈನ್ಯದ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ ಜೇಮ್ಸ್ ರಿಪ್ಲಿಗೆ ಇಂಥವು ಬೇಡವೇ ಬೇಡ. ಸಿಪಾಯಿಗಳು ತೋಟಾ ದಂಡ ಮಾಡ್ತಾರೆ, ತರಾವರಿ ತೋಟಾ ಪೂರೈಸೋದು ತಲೆನೋವು ಅನ್ನೋದು ಅವರ ವಾದ. ಎರಡನೆಯ ಮಾತಿನಲ್ಲಿ ಹುರುಳಿತ್ತು ಅನ್ನಿ. 1863ರ ಆಗಸ್ಟಿನಲ್ಲಿ ಅಧ್ಯಕ್ಷ ಲಿಂಕನ್ ಅವರೇ ಶ್ವೇತಭವನದ ಹತ್ತಿರದ ಬಯಲಿನಲ್ಲಿ ಸ್ಪೆನ್ಸರ್ ಅನ್ನೋ ಇನ್ನೊಂದು ಸನ್ನೆ ಬಂದೂಕನ್ನು ಹಾರಿಸಿ ನೋಡಿದರು. ಸ್ಪೆನ್ಸರ್ ದೊಡ್ಡ ಸಂಖ್ಯೆಯಲ್ಲಿ ಸೈನ್ಯ ಸೇರಿತು. ಹೆನ್ರಿಯನ್ನು ಮಾತ್ರ ಸರ್ಕಾರ ಕೊಂಡದ್ದು 2 ಸಾವಿರಕ್ಕೂ ಕಡಿಮೆ. 1866ರವರೆಗೆ ತಯಾರಾದ ಸುಮಾರು 14 ಸಾವಿರದಲ್ಲಿ ಉಳಿದದ್ದೆಲ್ಲ ಬಹುಪಾಲು ಜನ ಸ್ವಂತ ಜೇಬಿನಿಂದ ಕೊಂಡದ್ದು.

1864ರ ಅಕ್ಟೋಬರ್ 5ರಂದು ಜಾರ್ಜಿಯಾದ ಅಲಟೂನಾ ಕಣಿವೆಯಲ್ಲಿ ಆ ದುಡ್ಡಿನ ಪರೀಕ್ಷೆ ಆಯ್ತು. ಉತ್ತರದ ಕಡೆ ಸುಮಾರು 2 ಸಾವಿರ ಜನ. ಎದುರಿಗಿದ್ದ ದಕ್ಷಿಣದ ಸೈನ್ಯ ಅದಕ್ಕಿಂತ ದೊಡ್ಡದು. 7ನೇ ಇಲಿನಾಯ್ ಹೆನ್ರಿ ಹಿಡಿದು ನಿಂತಿತ್ತು. ಎರಡೂ ಕಡೆ ಭೀಕರ ಸಾವುನೋವು. ಕಣಿವೆ ಕೈಬಿಡಲಿಲ್ಲ. ಮೂರು ತಿಂಗಳ ಸಂಬಳ ಯಾಕೆ ಕೊಟ್ಟರು ಅನ್ನೋದಕ್ಕೆ ಅಲ್ಲಿ ಬದುಕುಳಿದವರನ್ನು ಕೇಳಬೇಕಿತ್ತು.

ಅಂಗಿ ವ್ಯಾಪಾರಿಯ ಸ್ಟಾರ್ಟಪ್

ಈ ಬಂದೂಕಿನ ಹುಟ್ಟು ಕೇಳಿದ್ರೆ ನಮ್ಮ ಐಟಿಯವರಿಗೆ ಎಲ್ಲೋ ನೋಡಿದ ಹಾಗೆ ಅನಿಸುತ್ತೆ. ವಾಲ್ಟರ್ ಹಂಟ್ ಅಂತ ನ್ಯೂಯಾರ್ಕಿನ ಒಬ್ಬ ಸಂಶೋಧಕ. ಸೇಫ್ಟಿ ಪಿನ್ ಕಂಡುಹಿಡಿದವನೂ ಇವನೇ. 1840ರ ದಶಕದ ಕೊನೆಗೆ ಒಂದಾದ ಮೇಲೊಂದು ಗುಂಡು ಹಾರಿಸುವ ಬಂದೂಕಿನ ಪೇಟೆಂಟ್ ಪಡೆದ. ಐಡಿಯಾ ಚೆನ್ನಾಗಿತ್ತು, ಕೆಲಸ ಮಾಡ್ತಿರಲಿಲ್ಲ. ಅದು ಕೈಯಿಂದ ಕೈಗೆ ದಾಟಿ ಹೋರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಹತ್ತಿರ ಬಂತು. 1855ರಲ್ಲಿ ವೋಲ್ಕಾನಿಕ್ ಅನ್ನೋ ಕಂಪನಿ ಆಯ್ತು. ಹಣ ಹಾಕಿದವರಲ್ಲಿ ಒಬ್ಬರು ನ್ಯೂ ಹೇವನ್‌ನಲ್ಲಿ ಅಂಗಿ ತಯಾರಿಸುತ್ತಿದ್ದ ಆಲಿವರ್ ವಿಂಚೆಸ್ಟರ್. ವೋಲ್ಕಾನಿಕ್‌ನಲ್ಲಿ ಮದ್ದನ್ನು ಗುಂಡಿನ ಹಿಂಬದಿಯ ಟೊಳ್ಳಿನಲ್ಲೇ ತುಂಬಿಸುತ್ತಿದ್ದರು. ಹಿಡಿಯೋದೇ ಚಿಟಿಕೆಯಷ್ಟು, ಶಕ್ತಿ ಎಲ್ಲಿಂದ ಬರಬೇಕು? ಕಂಪನಿ ದಿವಾಳಿ ಎದ್ದಿತು. ಸ್ಮಿತ್ ಮತ್ತು ವೆಸನ್ ರಿವಾಲ್ವರ್ ದಾರಿ ಹಿಡಿದು ಹೊರಗೆ ಹೋಗಿದ್ದರು. ವಿಂಚೆಸ್ಟರ್ 1857ರಲ್ಲಿ ಉಳಿದದ್ದನ್ನೆಲ್ಲ ಕೊಂಡು ಹೊಸ ಕಂಪನಿ ಮಾಡಿದರು.

ಕಾರ್ಖಾನೆಯ ಮೇಲ್ವಿಚಾರಕ ಬೆಂಜಮಿನ್ ಟೈಲರ್ ಹೆನ್ರಿ. ಅವರು ಸಮಸ್ಯೆಯ ಮೂಲಕ್ಕೇ ಕೈ ಹಾಕಿದರು: ಮದ್ದಿಗೆ ಲೋಹದ ತೋಟಾ ಮಾಡಿ, ಅದಕ್ಕೆ ತಕ್ಕಂತೆ ಬಂದೂಕು ತಿದ್ದಿದರು. 1860ರ ಅಕ್ಟೋಬರ್ 16ಕ್ಕೆ ಪೇಟೆಂಟ್. ಬಂದೂಕಿಗೆ ಅವರದೇ ಹೆಸರು. ಆದರೆ ಸಿಕ್ಕ ಪ್ರತಿಫಲ ಸಾಲದು ಅಂತ ಅವರಿಗೆ ಅಸಮಾಧಾನ. ಕಂಪನಿಯನ್ನು ಕೈವಶ ಮಾಡಿಕೊಳ್ಳೋಕೆ ನೋಡಿದರು, ಆಗಲಿಲ್ಲ. 1866ರಲ್ಲಿ ಕಂಪನಿ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಆಯ್ತು. ಅಲ್ಲಿಂದ ಮುಂದೆ ಬಂದೂಕಿನ ಮೇಲೆ ಎಂಜಿನಿಯರ್ ಹೆಸರು ಇಲ್ಲ, ಬಂಡವಾಳ ಹಾಕಿದವರ ಹೆಸರು. ಈ ಭಾಗಕ್ಕೆ ನಾನು ಬೇರೆ ವ್ಯಾಖ್ಯಾನ ಬರೆಯೋ ಅಗತ್ಯ ಇಲ್ಲ ಅಂದ್ಕೊತೀನಿ.

ಬೆಲೆ ಇಳಿದಾಗ

1866ರ ಮಾದರಿಗೆ ಪಕ್ಕದಲ್ಲಿ ತೋಟಾ ತುಂಬುವ ಕಿಂಡಿ ಬಂತು, ಹಿಡಿಯೋಕೆ ಮರ ಬಂತು. 1873ರ ಮಾದರಿಗೆ ಕಬ್ಬಿಣದ ದೇಹ. ಒಂದೇ ತೋಟಾ ಬಂದೂಕಿಗೂ ಕೋಲ್ಟ್ ರಿವಾಲ್ವರಿಗೂ ಆಗುವಂತಾಯ್ತು. ದನ ಕಾಯುವವನಿಗೆ ಇದು ದೊಡ್ಡ ಅನುಕೂಲ, ಎರಡು ಫೋನಿಗೂ ಒಂದೇ ಚಾರ್ಜರ್ ಇದ್ದ ಹಾಗೆ. ಜಾನ್ ಬ್ರೌನಿಂಗ್ ಅವರ 1892 ಮತ್ತು 1894ರ ಮಾದರಿಗಳು ಇನ್ನೂ ಹಗುರ, ಇನ್ನೂ ಗಟ್ಟಿ. 1894ರ ಮಾದರಿಯೊಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಮಾರ್ಲಿನ್‌ನಂಥ ಪೈಪೋಟಿ ಕಂಪನಿಗಳು ಬಂದವು. ಮೂರು ತಿಂಗಳ ಸಂಬಳದ ಬಂದೂಕು ಸಾಮಾನ್ಯ ರೈತನ ಕೈಗೆಟುಕಿತು.

ಕೈಗೆಟುಕಿತು ಅಂದ್ರೆ ಯಾರ ಕೈಗೆ? "ಪಶ್ಚಿಮವನ್ನು ಗೆದ್ದ ಬಂದೂಕು" ಅಂತ ಕಂಪನಿ ಮುಂದೆ ಜಾಹೀರಾತು ಮಾಡಿತು. ಆದರೆ 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್‌ನ ಸೈನಿಕರ ಕೈಲಿದ್ದದ್ದು ಒಂದೊಂದೇ ಗುಂಡಿನ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್. ಎದುರಿಗಿದ್ದ ಲಕೋಟಾ, ಷಾಯೆನ್ ಯೋಧರಲ್ಲಿ ಹಲವರ ಕೈಲಿ ಹೆನ್ರಿ, ವಿಂಚೆಸ್ಟರ್. ಇದು ಬರೀ ಕಥೆಯಲ್ಲ. 1983ರಲ್ಲಿ ಕಾಡ್ಗಿಚ್ಚು ಬಿದ್ದು ಆ ಬಯಲಿನ ಹುಲ್ಲೆಲ್ಲ ಸುಟ್ಟಿತು. ಮರುವರ್ಷದಿಂದ ಪುರಾತತ್ವಜ್ಞರು ಲೋಹಶೋಧಕ ಹಿಡಿದು ನೆಲ ಜಾಲಾಡಿದರು. ಪ್ರತಿ ಖಾಲಿ ತೋಟಾದ ಮೇಲೂ ಬಂದೂಕಿನ ಪಿನ್ನು ಬಿಟ್ಟ ಗುರುತು ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಅದನ್ನು ಹೋಲಿಸಿ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಕ್ಷೆ ಬರೆದರು. ಸರ್ವರ್ ಲಾಗ್ ನೋಡಿ ಏನಾಯ್ತು ಅಂತ ಹುಡುಕ್ತೀವಲ್ಲ, ಅದೇ ಕೆಲಸ, 108 ವರ್ಷ ಹಳೆಯ ಲಾಗ್ ಮೇಲೆ. ಅಂದು ಆ ಯೋಧರು ಗೆದ್ದರು. ಆದರೆ ಒಂದು ವರ್ಷ ಕಳೆಯೋದರೊಳಗೆ ಬಹುತೇಕರು ಶರಣಾಗಬೇಕಾಯ್ತು. ತೋಟಾ ತಯಾರಿಸುವ ಕಾರ್ಖಾನೆ ಅವರದಾಗಿರಲಿಲ್ಲ.

ಮೆಂಫಿಸ್, 1892

ನನ್ನನ್ನು ಬಹಳ ಕಾಡಿದ ಅಧ್ಯಾಯ ಇದು. ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಥಾಮಸ್ ಮಾಸ್ ಅನ್ನೋ ಕಪ್ಪು ಜನಾಂಗದವರು ಜೊತೆಗಾರರೊಂದಿಗೆ ಒಂದು ದಿನಸಿ ಅಂಗಡಿ ನಡೆಸ್ತಿದ್ದರು. ಎದುರಿನ ಬಿಳಿಯ ಅಂಗಡಿಯವನಿಗೆ ಹೊಟ್ಟೆಯುರಿ. ಅಂಗಡಿಯ ಮೇಲೆ ದಾಳಿಯಾಗುತ್ತೆ ಅಂತ ಸುದ್ದಿ ಬಂದಾಗ ಇವರು ಬಂದೂಕು ಹಿಡಿದು ಕಾವಲು ಕೂತರು. ರಾತ್ರಿ ನುಗ್ಗಿದವರ ಮೇಲೆ ಗುಂಡು ಹಾರಿತು. ಬಂದವರು ಮಫ್ತಿಯಲ್ಲಿದ್ದ ಷೆರಿಫ್‌ನ ಜನ. ಮಾಸ್ ಮತ್ತು ಇಬ್ಬರು ಸಂಗಡಿಗರನ್ನು ಜೈಲಿಗೆ ಹಾಕಿದರು. ಜೈಲಿಗೆ ಕಾವಲಿದ್ದ ಕಪ್ಪು ಜನರ ಸ್ವಯಂಸೇವಕ ದಳದ ಬಂದೂಕುಗಳನ್ನು ನ್ಯಾಯಾಲಯದ ಆದೇಶದ ಮೇಲೆ ಕಿತ್ತುಕೊಳ್ಳಲಾಯಿತು. ಮಾರ್ಚ್ 9ರ ಬೆಳಗಿನ ಜಾವ ಗುಂಪು ಬಂದು ಮೂವರನ್ನೂ ಊರಾಚೆಗೆ ಎಳೆದೊಯ್ದು ಕೊಂದಿತು.

ಮಾಸ್ ಅವರ ಗೆಳತಿ, ಪತ್ರಕರ್ತೆ ಐಡಾ ವೆಲ್ಸ್. ಅದೇ ವರ್ಷ ಅವರು ಈ ಕೊಲೆಗಳ ಬಗ್ಗೆ ಒಂದು ಪುಸ್ತಿಕೆ ಬರೆದರು. ಕಾನೂನು ಕಾಪಾಡದ ಕಡೆ ಪ್ರತಿ ಕಪ್ಪು ಮನೆಯಲ್ಲೂ ಒಂದು ವಿಂಚೆಸ್ಟರ್‌ಗೆ ಗೌರವದ ಜಾಗ ಇರಬೇಕು ಅನ್ನೋ ಅರ್ಥದ ಮಾತು ಅದರಲ್ಲಿದೆ. ಫ್ಲಾರಿಡಾ ಮತ್ತು ಕೆಂಟಕಿಯ ಎರಡು ಊರುಗಳಲ್ಲಿ ಜನ ಆಯುಧ ಹಿಡಿದು ನಿಂತದ್ದರಿಂದಲೇ ಗುಂಪು ಹಿಮ್ಮೆಟ್ಟಿತು ಅಂತ ಉದಾಹರಣೆಯನ್ನೂ ಕೊಟ್ಟರು.

ಇಲ್ಲಿ ನಾನು ಸುಲಭದ ತೀರ್ಪು ಕೊಡೋಕೆ ಹೋಗಲ್ಲ. ಮಾಸ್ ಅವರ ಹತ್ತಿರವೂ ಬಂದೂಕಿತ್ತು, ಅದು ಉಳಿಸಲಿಲ್ಲ. ಬೇರೆ ಊರಲ್ಲಿ ಉಳಿಸಿತು. ಎರಡೂ ನಿಜ. ನನಗೆ ಅನಿಸೋದು ಇಷ್ಟು: ಬೆಲೆ ಇಳಿದ ಮಾತ್ರಕ್ಕೆ ಒಂದು ವಸ್ತು ಎಲ್ಲರದೂ ಆಗಲ್ಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಆದರೆ ಯಾರ ಕೈಲಿದ್ದಾಗ ಅದು ಹಕ್ಕು, ಯಾರ ಕೈಲಿದ್ದಾಗ ಅಪರಾಧ ಅಂತ ತೀರ್ಮಾನಿಸೋರು ಬೇರೆಯೇ ಇರ್ತಾರೆ.

ನಮ್ಮ ಕಡೆ

ಅದೇ ಕಾಲಕ್ಕೆ ನಮ್ಮಲ್ಲಿ ಏನಿತ್ತು? 1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಅದೇ ತೀರ್ಮಾನ, ಕಾಗದದ ಮೇಲೆ ಅಚ್ಚುಕಟ್ಟಾಗಿ.

ಆದರೆ ನಮ್ಮ ಕೊಡಗಿನಲ್ಲಿ ಬೇರೆ ಕಥೆ. ಬ್ರಿಟಿಷರ ಕಾಲದಲ್ಲೇ, 1861ರಲ್ಲಿ, ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಸ್ವಾತಂತ್ರ್ಯಾನಂತರದ 1959ರ ಕಾಯ್ದೆಯಡಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಕೋವಿ ಅಲ್ಲಿ ಅಂಗಡಿಯ ಸರಕಲ್ಲ, ಮನೆತನದ ವಸ್ತು.

ಕೊನೆಗೆ ಏನಾಯ್ತು

ಸೈನ್ಯಗಳು ಸನ್ನೆ ಬಂದೂಕನ್ನು ಯಾಕೆ ಬಿಟ್ಟವು? ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರ್ತವೆ. ಚೂಪು ಮೂತಿಯ ಗುಂಡಾದರೆ ಮುಂದಿನ ತೋಟಾದ ಕ್ಯಾಪಿಗೆ ಕುಟ್ಟಿ ಒಳಗೇ ಸಿಡಿಯುವ ಅಪಾಯ. ಅದಕ್ಕೇ ಇವುಗಳ ಗುಂಡಿನ ಮೂತಿ ಚಪ್ಪಟೆ. ಚೂಪು ಗುಂಡು ದೂರ ಹೋಗುತ್ತೆ, ಸೈನ್ಯಕ್ಕೆ ಬೇಕಾದದ್ದು ಅದು. ನೆಲಕ್ಕೆ ಅಂಟಿ ಮಲಗಿದಾಗ ಸನ್ನೆ ಕೆಳಗೆ ತಳ್ಳೋಕೆ ಜಾಗ ಸಾಲದು. ಬೋಲ್ಟ್ ಬಂದೂಕು ಸರಳ. ಆದರೂ ಮೊದಲ ಮಹಾಯುದ್ಧದಲ್ಲಿ ರಷ್ಯಾ ಬಂದೂಕಿನ ಬರಕ್ಕೆ 1895ರ ವಿಂಚೆಸ್ಟರ್ ಸುಮಾರು 3 ಲಕ್ಷ ತರಿಸಿಕೊಂಡಿತು. ಅದರಲ್ಲಿ ಕೊಳವೆ ಬದಲು ಪೆಟ್ಟಿಗೆ ಇತ್ತು, ಚೂಪು ಗುಂಡಿನ ತೊಂದರೆ ಇರಲಿಲ್ಲ.

ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಇವತ್ತು ಅಗ್ಗದ ಸನ್ನೆ ಬಂದೂಕು ಅಂದ್ರೆ ಬ್ರೌನಿಂಗ್ ಅವರ 1892ರ ವಿನ್ಯಾಸದ ನಕಲು, ಬ್ರೆಜಿಲ್‌ನ ರಾಸಿ ಕಂಪನಿಯದ್ದು. ಇಲ್ಲವೇ 1996ರಲ್ಲಿ ಶುರುವಾದ ಹೆನ್ರಿ ಅನ್ನೋ ಕಂಪನಿಯ 22 ಕ್ಯಾಲಿಬರ್. ಹೆಸರು ಅದೇ, ಹಳೆಯ ಟೈಲರ್ ಹೆನ್ರಿಗೂ ಇವರಿಗೂ ವ್ಯವಹಾರದ ನಂಟಿಲ್ಲ. ಆನ್‌ಸೈಟ್ ಹೋಗೋರಿಗೆ ಒಂದು ಮಾತು: ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರೋರು ಅಲ್ಲಿ ಬಂದೂಕು ಕೊಳ್ಳೋದು, ಇಟ್ಟುಕೊಳ್ಳೋದು ಸಾಮಾನ್ಯವಾಗಿ ಕಾನೂನುಬಾಹಿರ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟು. ಅಂಗಡಿಯ ಗಾಜಿನಾಚೆ ಬೆಲೆ ಚೀಟಿ ನೋಡಿ ಆಸೆಪಡಬೇಡಿ.

ಬದಲಿಗೆ ಸ್ಯಾನ್ ಹೋಸೆಗೆ ಹೋದರೆ ವಿಂಚೆಸ್ಟರ್ ಮನೆ ನೋಡಿ ಬನ್ನಿ. ಆಲಿವರ್ ಅವರ ಸೊಸೆ ಸಾರಾ ವಿಂಚೆಸ್ಟರ್ 1886ರಲ್ಲಿ ಕೊಂಡ ತೋಟದ ಮನೆ. 1922ರಲ್ಲಿ ಅವರು ತೀರಿಹೋಗುವಾಗ ಅದು ಸುಮಾರು 160 ಕೋಣೆಗಳ ಜಟಿಲ ಕಟ್ಟಡ ಆಗಿತ್ತು. ವಿಂಚೆಸ್ಟರ್ ಗುಂಡಿಗೆ ಸತ್ತವರ ದೆವ್ವಗಳಿಗೆ ಹೆದರಿ ಕಟ್ಟಿಸುತ್ತಲೇ ಇದ್ದರು ಅಂತ ಕಥೆ ಹೇಳ್ತಾರೆ. ಇತಿಹಾಸಕಾರರು ಅದನ್ನು ಒಪ್ಪಲ್ಲ. ಆದರೆ ಆ ಕಥೆ ಯಾಕೆ ಅಷ್ಟು ಗಟ್ಟಿಯಾಗಿ ನಿಂತಿತು ಅಂತ ಯೋಚಿಸಿ. ಬಂದೂಕಿನ ದುಡ್ಡಿಗೆ ಯಾರೋ ಒಬ್ಬರು ಲೆಕ್ಕ ಒಪ್ಪಿಸಲೇಬೇಕು ಅಂತ ಜನರಿಗೆ ಅನಿಸಿತ್ತು. ಕಂಪನಿ ಒಪ್ಪಿಸಲಿಲ್ಲ, ಸರ್ಕಾರ ಒಪ್ಪಿಸಲಿಲ್ಲ. ಕಡೆಗೆ ಆ ಭಾರವನ್ನು ಒಬ್ಬ ವಿಧವೆಯ ತಲೆಗೆ ಕಟ್ಟಿದರು.